ಟಿಕೆಟ್ ತೆಗೆಸಿದ ಕಳ್ಳ

"ನನ್ನ ಫೋನು ಬಂದಿಲ್ಲ!"

ಹಿಂಬದಿಯಿಂದ ಎದ್ದ ಈ ಕೂಗು ಡ್ರೈವರನ ಕಿವಿಗೆ ಬೀಳುವ ಹೊತ್ತಿಗೆ ಬಸ್ಸು ಮಾರುಕಟ್ಟೆ ನಿಲ್ದಾಣ ಬಿಟ್ಟು ಸೇತುವೆ ಏರುತ್ತಿತ್ತು. ಅವನು ಕನ್ನಡಿ ನೋಡಿದ. ಕನ್ನಡಿ ತುಂಬ ತಲೆಗಳು. ಕೂಗಿದ ತಲೆ ಯಾವುದೋ ತಿಳಿಯಲಿಲ್ಲ.

"ಯಾರದ್ರೀ ಅದು?"

"ಗಡಿಯಾರದವರದ್ದು! ಕೊಟ್ಟ ಫೋನು ವಾಪಸ್ ಬಂದಿಲ್ವಂತೆ!"

ಸೇತುವೆ ಇಳಿದದ್ದೇ ಬಸ್ಸು ಪಕ್ಕಕ್ಕೆ ನಿಂತಿತು. ಸೀಟಿನ ಕೆಳಗೆ, ಚೀಲಗಳ ನಡುವೆ, ಕಾಲುಗಳ ಸಂದಿಯಲ್ಲಿ ಹುಡುಕಾಟ. ಯಾರೋ ಆ ಸಂಖ್ಯೆಗೆ ಕರೆ ಮಾಡಿದರು. ಸ್ವಿಚ್ ಆಫ್.

ಅಷ್ಟೂ ಜನ ಒಟ್ಟಿಗೆ ತಿರುಗಿ ಡ್ರೈವರನ ಬೆನ್ನು ನೋಡಿದರು. ಬೆನ್ನಿಗೂ ಕಣ್ಣಿರುತ್ತದೆ ಎನ್ನುವುದು ಅವನಿಗೆ ಗೊತ್ತಾಗಿದ್ದು ಆಗಲೇ.

ಆ ಬಸ್ಸಿನ ಪದ್ಧತಿಯನ್ನು ಇಲ್ಲಿ ಹೇಳಿಬಿಡಬೇಕು. ಅದರ ಮುಂಬಾಗಿಲು ಮುನಿಸಿಕೊಂಡು ಬಹಳ ದಿನವಾಗಿತ್ತು. ಎಷ್ಟು ಎಳೆದರೂ ತೆರೆಯುತ್ತಿರಲಿಲ್ಲ. ಎಲ್ಲರೂ ಹತ್ತುವುದು ಹಿಂಬಾಗಿಲಿಂದ. ಟಿಕೆಟ್ ಯಂತ್ರವೋ, ಮುಂದೆ ಡ್ರೈವರನ ಎಡಗೈ ಪಕ್ಕದಲ್ಲಿ, ಕಂಬಕ್ಕೆ ಬೋಲ್ಟು ಬಿಗಿದು ಕೂರಿಸಿದ್ದು. ಬೆಳಗಿನ ನೂಕುನುಗ್ಗಲಲ್ಲಿ ಹಿಂದಿನವರು ಮುಂದೆ ಬರುವ ಮಾತೇ ಇಲ್ಲ. ಹಾಗಾಗಿ ಹಿಂದಿದ್ದವರು ಫೋನಿನಲ್ಲಿ ವ್ಯಾಲೆಟ್ ತೆರೆದು, ಕ್ಯೂಆರ್ ಕೋಡಿನ ಚೌಕಳಿ ಚಿತ್ರ ಪರದೆಯ ಮೇಲೆ ಬರಿಸಿ, ಫೋನನ್ನು ಮುಂದಿನವರ ಕೈಗೆ ಕೊಡುತ್ತಿದ್ದರು. ಅದು ಕೈಯಿಂದ ಕೈಗೆ ಸಾಗಿ ಡ್ರೈವರನನ್ನು ಮುಟ್ಟಬೇಕು. ಯಂತ್ರದ ಕೆಂಪು ಕಣ್ಣು ಅದನ್ನು ನೋಡಿ 'ಟಿಂಗ್' ಎನ್ನಬೇಕು. ಮತ್ತೆ ಕೈಯಿಂದ ಕೈಗೆ ವಾಪಸ್. ಬ್ಯಾಂಕಿನವರು ಕಂಡರೆ ಎದೆ ಹಿಡಿದುಕೊಳ್ಳುವ ಏರ್ಪಾಡು. ಮನೆಯಲ್ಲಿ ಕಟ್ಟಿಕೊಂಡವರಿಗೂ ಮುಟ್ಟಲು ಬಿಡದ ಫೋನನ್ನು ಜನ ಇಲ್ಲಿ ಹೆಸರೂ ಗೊತ್ತಿಲ್ಲದ ಕೈಗಳಿಗೆ ಕೊಟ್ಟು, ಕಿಟಕಿಯಾಚೆ ನೋಡುತ್ತ ನಿಲ್ಲುತ್ತಿದ್ದರು. ಇದುವರೆಗೆ ಒಂದು ಫೋನೂ ದಾರಿ ತಪ್ಪಿರಲಿಲ್ಲ.

* * *

ಡಿಪೋ ಮ್ಯಾನೇಜರನ ಕೋಣೆಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಮ್ಯಾನೇಜರ್ ಪೆನ್ನಿನ ಗುಂಡಿ ಒತ್ತುತ್ತಿದ್ದ, ಬಿಡುತ್ತಿದ್ದ. ಎದುರಿನ ಕುರ್ಚಿಯಲ್ಲಿ ಗಡಿಯಾರದವರು. ವಾಚು ರಿಪೇರಿ ಅಂಗಡಿಯ ಯಜಮಾನರು, ಮಂಡಿ ಮೇಲೆ ಕೈಯಿಟ್ಟುಕೊಂಡೇ ಕೂರುವವರು, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಸಮ ಅಂತರ ಬಿಡುವವರು.

"ಒಂದೇ ಸಲ ಕೊಟ್ಟೆ. ಕಿಟಕಿಯಾಚೆ ನೋಡ್ತಾ ಇದ್ದೆ. ಕಾದೆ. ಬರಲಿಲ್ಲ. ಅಷ್ಟೇ."

"ಎಷ್ಟು ಹಳೇ ಫೋನು ಸಾರ್?"

"ಹಳೇದು. ಮೂಲೇಲಿ ಬಿರುಕು ಬಿಟ್ಟಿದೆ."

"ಅಂಥದ್ದಕ್ಕೆ ದೂರು ಯಾಕೆ? ಹೊಸದೊಂದು—"

"ನನಗೆ ಅದೇ ಬೇಕು."

ಮ್ಯಾನೇಜರ್ ಡ್ರೈವರನ ಕಡೆ ತಿರುಗಿದ. "ನೋಡಯ್ಯಾ, ಕಂಪ್ಯೂಟರಲ್ಲಿ ನೋಡಿದೆ. ಇವರ ಟಿಕೆಟ್ ಆಗಿದೆ. ಅಂದ್ರೆ ಫೋನು ನಿನ್ನ ಯಂತ್ರದವರೆಗೂ ಬಂದಿದೆ. ಬಂದದ್ದಕ್ಕೆ ಸಾಕ್ಷಿ ಇದೆ. ವಾಪಸ್ ಹೋಗಿದ್ದಕ್ಕೆ ಎಲ್ಲಿದೆ?"

"ಕೊಟ್ಟೆ ಸಾರ್. ಹಿಂದಕ್ಕೆ ಕೈ ಚಾಚಿ ಕೊಟ್ಟೆ."

"ಯಾರಿಗೆ?"

"ಕರಿಕೋಟಿನವರಿಗೆ ಇರಬೇಕು… ರಸ್ತೆ ನೋಡ್ತಾ ಇದ್ದೆ ಸಾರ್."

"ಇರಬೇಕು!" ಪೆನ್ನು ಟಕ್ಕೆಂದಿತು. ಮೇಜಿನ ಮೇಲೆ ಒಂದು ಹಾಳೆ ಇತ್ತು. ಡ್ರೈವರನನ್ನು ಕಾಯಂ ಮಾಡುವ ಆದೇಶ. ಸಹಿ ಒಂದು ಬಾಕಿ. ಆ ಸಹಿಗಾಗಿ ಅವನು ಎರಡು ವರ್ಷ ಯಾರ ಹತ್ತಿರವೂ ಒಂದು ಎದುರು ಮಾತಾಡಿರಲಿಲ್ಲ. ಮ್ಯಾನೇಜರ್ ಆ ಹಾಳೆಯನ್ನು ಎತ್ತಿ ಡ್ರಾಯರಿಗೆ ಹಾಕಿದ. "ಸಂಜೆ ಸರದಿ ಮುಗಿಸ್ಕೊಂಡು ಬಾ. ಫೋನು ಬಂತೋ, ಸಹಿ. ಬರಲಿಲ್ವೋ, ಬೀಗದಕೈ ಇಲ್ಲಿಟ್ಟು ನನ್ನ ಜೊತೆ ಠಾಣೆಗೆ ನಡಿ."

* * *

ಡ್ರೈವರನ ಸೋದರತ್ತೆ ಸಾರಿಗೆಯಲ್ಲೇ ಟಿಕೆಟ್ ತಪಾಸಣೆ ಮಾಡಿ ನಿವೃತ್ತಳಾದವಳು. ಡಿಪೋದಲ್ಲಿ ಅವಳ ಹೆಸರು ಯಾರಿಗೂ ನೆನಪಿಲ್ಲ. 'ಹದ್ದಮ್ಮ' ಎಂದರೆ ಈಗಲೂ ಕೆಲವು ಕಂಡಕ್ಟರುಗಳು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಟಿಕೆಟ್ ಇಲ್ಲದವನನ್ನು ಅವಳು ಟಿಕೆಟ್ ಕೇಳದೆಯೇ ಹಿಡಿಯುತ್ತಿದ್ದಳಂತೆ.

ಅವನು ಅವಳ ಮನೆಯ ಕಟ್ಟೆಯ ಮೇಲೆ ಕೂತ. ಎದ್ದ. ಮತ್ತೆ ಕೂತ.

"ನೆಟ್ಟಗೆ ಒಂದು ಕಡೆ ಕೂತ್ಕೊಳೋ. ನೋಡಿ ನೋಡಿ ನನಗೇ ತಲೆ ಸುತ್ತು ಬರ್ತಿದೆ."

"ಅತ್ತೇ, ನಾನು ಕದ್ದಿಲ್ಲ!"

"ಕದಿಯೋಕೆ ಒಂದು ಚುರುಕು ಬೇಕು. ನಿನಗೆಲ್ಲಿದೆ? ಮೊದಲಿಂದ ಹೇಳು. ಬೆಳಿಗ್ಗೆ ಏನಾಯ್ತು?"

"ಏನಾಗೋದು! ಮಾರುಕಟ್ಟೇಲಿ ಜನ ಹತ್ತಿದ್ರು. ಫೋನುಗಳು ಬಂದ್ವು. ಆ ಹಾಳು ಯಂತ್ರ ಬೇರೆ ಅದೇ ಹೊತ್ತಿಗೆ ಕೈಕೊಡ್ತು. ಆಫ್ ಮಾಡಿ ಆನ್ ಮಾಡಿದೆ. ಅದು ಕಣ್ಣು ಬಿಡೋ ಹೊತ್ತಿಗೆ ಬಂದಿದ್ದ ಫೋನೆಲ್ಲ ಕತ್ತಲಾಗಿದ್ವು. ಅಷ್ಟನ್ನೂ ಹಿಂದಕ್ಕೆ ಕಳಿಸಿದೆ. ಅವರವರು ಬೆರಳಿಟ್ಟು ತೆರೆದು ಮತ್ತೆ ಕಳಿಸಿದ್ರು. ಒಬ್ಬೊಬ್ಬರೂ ನನ್ನನ್ನೇ ಬಯ್ದರು, ಯಂತ್ರ ನಮ್ಮಪ್ಪ ಮಾಡಿಟ್ಟ ಹಾಗೆ!"

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು.

"ಯಂತ್ರ ಕೆಡೋಕೆ ಮುಂಚೆ ಆ ನಿಲ್ದಾಣದ್ದು ಒಂದಾದ್ರೂ ಟಿಕೆಟ್ ಆಗಿತ್ತಾ?"

"ಒಂದೂ ಇಲ್ಲ. ಮೊದಲನೇ ಫೋನಿಗೇ ಮುಷ್ಕರ ಹೂಡ್ತು."

"ಹ್ಞೂಂ. ಗಡಿಯಾರದವರಿಂದ ನಿನ್ನವರೆಗೆ ಯಾರ್ಯಾರ ಕೈ?"

"ದಿನಾ ಅವೇ ಮೂರು ಕೈ. ಹಿಂದೆ ಸಂಗೀತದ ಮೇಷ್ಟ್ರು. ಮಧ್ಯದಲ್ಲಿ ಔಷಧಿ ಅಂಗಡಿ ಅಕ್ಕ. ನನ್ನ ಹಿಂದೆ ಕರಿಕೋಟು. ಯಾವನೋ ದೊಡ್ಡ ವಕೀಲನ ಕೈಕೆಳಗೆ ಇದ್ದಾನೆ."

"ಮೂವರೂ ಸಂಜೆ ಇದೇ ಬಸ್ಸಿಗೆ ಬರ್ತಾರಾ?"

"ಕೊನೇ ನಿಲ್ದಾಣದವರೆಗೂ ಬರ್ತಾರೆ. ಗಡಿಯಾರದವರೂ ಅಷ್ಟೇ."

"ಹಾಗಾದ್ರೆ ನನಗೂ ಒಂದು ಸೀಟು ಇಡು." ಅವಳು ಕನ್ನಡಕ ಹಾಕಿಕೊಂಡಳು. "ಒಂದು ವಿಷಯ ಹೇಳೋ. ಕಳ್ಳ ಅಂತ ಒಬ್ಬ ಇದ್ದಾನೆ. ಫೋನು ಕೈಗೆ ಸಿಕ್ಕಿದೆ. ಜೇಬಿಗೆ ಹಾಕಬೇಕೋ ಬೇಡ್ವೋ? ಅದನ್ನ ಬಿಟ್ಟು ಅದರ ಯಜಮಾನನಿಗೆ ಟಿಕೆಟ್ ಯಾಕೆ ತೆಗೆಸ್ತಾನೆ?"

ಡ್ರೈವರ್ ಮತ್ತೆ ಎದ್ದು ನಿಂತ.

* * *

ಸಂಜೆಯ ಬಸ್ಸು. ಬೆಳಗಿನಷ್ಟು ಇಕ್ಕಟ್ಟಿಲ್ಲ, ನಾಲ್ಕಾರು ನಿಲ್ದಾಣ ದಾಟುವಷ್ಟರಲ್ಲಿ ನಿಂತವರೆಲ್ಲ ಕೂತಿದ್ದರು. ಡ್ರೈವರ್ ಗಿಯರು ಹಾಕುವಾಗೊಮ್ಮೆ, ತೆಗೆಯುವಾಗೊಮ್ಮೆ ಕನ್ನಡಿ ನೋಡುತ್ತಿದ್ದ. ಗಡಿಯಾರದವರೊಬ್ಬರು ಮಾತ್ರ ಎಂದಿನಂತೆ ಹಿಂದಿನ ಕಂಬ ಹಿಡಿದು ನಿಂತಿದ್ದರು. ಕೈ ಬದಲಿಸುತ್ತಿದ್ದರು, ಕಾಲು ಬದಲಿಸುತ್ತಿದ್ದರು. ಅತ್ತೆ ಹತ್ತಿದವಳು ಸುತ್ತ ಒಮ್ಮೆ ನೋಡಿ, ಇದ್ದ ಒಂದೇ ಖಾಲಿ ಸೀಟಿನಲ್ಲಿ, ಔಷಧಿ ಅಂಗಡಿ ಅಕ್ಕನ ಪಕ್ಕದಲ್ಲಿ, ಹೋಗಿ ಕೂತಳು. ಅಕ್ಕ ಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ಬಿಪಿ ಇದೆಯಾ ನಿಮಗೆ?" ಅಕ್ಕನೇ ಮಾತು ತೆಗೆದಳು. "ಮುಖ ನೋಡಿದ್ರೆ ಗೊತ್ತಾಗುತ್ತೆ."

"ಇದೆ ತಾಯಿ. ಹೀಗೇ ಎಲ್ಲರದ್ದೂ ಗೊತ್ತಾಗುತ್ತಾ?"

"ಈ ಬಸ್ಸಲ್ಲಿ ಎಲ್ಲರದ್ದೂ ಗೊತ್ತು. ಮೇಷ್ಟ್ರಿಗೆ ಗಂಟಲು. ಆ ಕರಿಕೋಟಿಗೆ ಗ್ಯಾಸ್ಟ್ರಿಕ್, ತಿಂಡಿ ತಿನ್ನದೇ ಕೋರ್ಟಿಗೆ ಓಡ್ತಾನೆ. ನಿಮ್ಮ ಹುಡುಗ ಡ್ರೈವರಿಗೆ ಸೊಂಟ."

"ಗಡಿಯಾರದವರಿಗೆ?"

ಅಕ್ಕ ಕಿಟಕಿಯ ಗಾಜು ಸರಿಸಲು ಹೋದಳು. ಅದು ಮೊದಲೇ ಸರಿಸಿತ್ತು. "ಅವರು ನಮ್ಮ ಅಂಗಡಿಗೆ ಬರಲ್ಲ."

"ಬೆಳಿಗ್ಗೆ ಅವರ ಫೋನು ನಿಮ್ಮ ಕೈ ದಾಟಿ ಹೋಯ್ತಾ?"

"ಎಷ್ಟೋ ಫೋನು ದಾಟುತ್ತೆ. ಯಾರದ್ದು ಅಂತ ಯಾರು ನೋಡ್ತಾರೆ?"

ಅತ್ತೆ ಎದ್ದು ಮುಂದಿನ ಸೀಟಿಗೆ ಬಾಗಿದಳು. ಸಂಗೀತದ ಮೇಷ್ಟ್ರು ಶಲ್ಯ ಸುತ್ತಿಕೊಂಡು ಕಣ್ಣು ಮುಚ್ಚಿದ್ದರು.

"ಮೇಷ್ಟ್ರೇ, ಬೆಳಿಗ್ಗೆ ಫೋನುಗಳು ಒಮ್ಮೆಲೇ ವಾಪಸ್ ಬಂದಾಗ ಏನು ಮಾಡಿದ್ರಿ?"

"ಬಯ್ದೆ."

"ಯಾರನ್ನ?"

"ಕಾಲವನ್ನು. ಮೊದಲು ಚಿಲ್ಲರೆ ಕೊಡ್ತಿದ್ವಿ, ಮುಗೀತಿತ್ತು. ಈಗ ಫೋನು ಕೊಡು, ತಗೋ, ಬೆರಳಿಡು, ಮತ್ತೆ ಕೊಡು! ನನ್ನ ಬೆರಳನ್ನೋ ಅದು ಗುರುತೇ ಹಿಡಿಯಲ್ಲ. ತಂಬೂರಿ ಮೀಟಿ ಮೀಟಿ ಗೆರೆಯೆಲ್ಲ ಸವೆದುಹೋಗಿದೆ."

"ಮೊದಲ ಸಲ ವಾಪಸ್ ಬಂದ ಗೊಂಚಲಲ್ಲಿ ಗಡಿಯಾರದವರ ಫೋನಿತ್ತಾ?"

ಮೇಷ್ಟ್ರು ಈಗ ಕಣ್ಣು ತೆರೆದರು. "ನನ್ನದು ಬಂತು. ಟೀಚರಮ್ಮನದು ಬಂತು. ಇನ್ನೆರಡು ಬಂತು. ಇಲ್ಲ ತಾಯಿ. ಅವರದು ಬಂದ ನೆನಪಿಲ್ಲ."

ಕರಿಕೋಟು ತಾನಾಗಿಯೇ ತಿರುಗಿದ. "ಮೇಡಂ, ಮೊದಲೇ ಹೇಳ್ತೀನಿ. ನನ್ನ ವಿರುದ್ಧ ಯಾವ ಸಾಕ್ಷ್ಯವೂ ಇಲ್ಲ."

"ನಿನ್ನ ಮೇಲೆ ಕೇಸು ಹಾಕಿದವರು ಯಾರಪ್ಪ? ಸಮಾಚಾರ ಕೇಳ್ತಿದ್ದೀನಿ. ಡ್ರೈವರ್ ಕೊಟ್ಟದ್ದನ್ನ ಏನು ಮಾಡಿದೆ?"

"ಹಿಂದಕ್ಕೆ ಚಾಚಿದೆ. ಯಾರೋ ತಗೊಂಡ್ರು. ಎರಡು ಸಲವೂ ಹಾಗೇ."

"ತಿರುಗಿ ನೋಡಲಿಲ್ವಾ?"

"ಫೈಲು ಓದ್ತಾ ಇದ್ದೆ. ನನಗೆ ಆ ಫೋನಿನ ಅಗತ್ಯವೂ ಇಲ್ಲ. ನನ್ನದು ಹೊಸದು." ತೋರಿಸಲು ಜೇಬಿನಿಂದ ತೆಗೆದ ಫೋನಿನ ಗಾಜು ಜೇಡರ ಬಲೆಯಂತೆ ಒಡೆದಿತ್ತು. ಅವನು ಅದನ್ನು ಬೇಗ ಒಳಗಿಟ್ಟುಕೊಂಡ.

ಕನ್ನಡಿಯಲ್ಲಿ ಅದನ್ನು ಕಂಡ ಡ್ರೈವರ್ ಗಿಯರು ತಪ್ಪಿ ಹಾಕಿದ. ಇವನೇ! ಇವನೇ ಇರಬೇಕು! ಅತ್ತೆ ಮಾತ್ರ ಅವನನ್ನು ಅಲ್ಲಿಗೇ ಬಿಟ್ಟು ಹಿಂದಿನ ಕಂಬದ ಕಡೆಗೆ ನಡೆದಳು.

"ಯಜಮಾನ್ರೇ, ನಿಮ್ಮ ಫೋನು ಹೇಗೆ ತೆರೆಯುತ್ತೆ?"

"ಬೆರಳಿಟ್ಟರೆ."

"ಯಾರ ಬೆರಳು?"

ಗಡಿಯಾರದವರ ಮಾತಿನ ಸಮ ಅಂತರ ಮೊದಲ ಸಲ ತಪ್ಪಿತು. "ನನ್ನ ಬೆರಳೇ. ಇನ್ಯಾರದ್ದಿರುತ್ತೆ?"

"ಬೆಳಿಗ್ಗೆ ಯಂತ್ರ ಕೆಟ್ಟಿತ್ತಲ್ಲ, ಆಗ ನಿಮಗೂ ರೇಗಿರಬೇಕು."

"ಯಂತ್ರ ಕೆಟ್ಟಿತ್ತಾ?"

"ಸರಿ," ಎಂದಳು ಅತ್ತೆ. "ಕೂತ್ಕೊಳ್ಳಿ. ನನ್ನ ಸೀಟು ಖಾಲಿ ಇದೆ."

"ಪರವಾಗಿಲ್ಲ. ನಿಂತಿರ್ತೀನಿ."

* * *

ಕೊನೆಯ ನಿಲ್ದಾಣ ಡಿಪೋದ ಎದುರಿಗೇ. ಅತ್ತೆ ತಡೆದು ನಿಲ್ಲಿಸಿದ ನಾಲ್ವರನ್ನು ಬಿಟ್ಟು ಉಳಿದವರು ಇಳಿದರು. ಮ್ಯಾನೇಜರ್ ಪೆನ್ನಿನ ಸಮೇತ ಹಿಂಬಾಗಿಲಿಂದ ಹತ್ತಿದ. ಡ್ರೈವರ್ ಬೀಗದಕೈ ಕಿತ್ತು ಮುಷ್ಟಿಯಲ್ಲಿ ಹಿಡಿದಿದ್ದ. ಅದು ಬೆವರಿನಿಂದ ಜಾರುತ್ತಿತ್ತು.

"ಏನಮ್ಮಾ, ಸಿಕ್ಕಿತಾ?"

"ಸಿಗುತ್ತೆ. ಕೂತ್ಕೊಳಪ್ಪ. ಮೊದಲು ಒಂದು ಪರೀಕ್ಷೆ. ಕರಿಕೋಟು, ನಿನ್ನ ಫೋನಲ್ಲಿ ವ್ಯಾಲೆಟ್ ತೆರೆದು ಈ ಡ್ರೈವರ್ ಕೈಗೆ ಕೊಡು."

ಅವನು ಅನುಮಾನಿಸುತ್ತಲೇ ಕೊಟ್ಟ. ಎಲ್ಲರೂ ನೋಡುತ್ತ ನಿಂತರು. ಪರದೆ ಮಂಕಾಯಿತು. ಆಮೇಲೆ ಕತ್ತಲಾಯಿತು.

"ಈಗ ಇದನ್ನ ಯಂತ್ರಕ್ಕೆ ಹಿಡಿಯೋ."

ಹಿಡಿದ. ಯಂತ್ರ ಸುಮ್ಮನಿತ್ತು.

"ನಿನ್ನ ಬೆರಳಿಟ್ಟು ತೆರೆ."

ಇಟ್ಟ. ಫೋನು ಒಮ್ಮೆ ನಡುಗಿ ಹಾಗೇ ಉಳಿಯಿತು.

"ನೋಡಿದೆಯಲ್ಲ ಮ್ಯಾನೇಜರ್? ಟಿಕೆಟ್ ಆಗಿದೆ, ಆದ್ದರಿಂದ ಡ್ರೈವರೇ ಕಳ್ಳ ಅಂದೆ. ಬೆಳಿಗ್ಗೆ ಯಂತ್ರ ಕೆಟ್ಟಿತ್ತು. ಆಗ ಎಲ್ಲಾ ಫೋನೂ ಕತ್ತಲಾಗಿ ಹಿಂದಕ್ಕೆ ಹೋದ್ವು. ಯಜಮಾನರು ಬೆರಳಿಟ್ಟ ಮೇಲೇ ಎರಡನೇ ಸಲ ಮುಂದೆ ಬಂದ್ವು. ಹತ್ತಿದವರೆಲ್ಲ ಎರಡೆರಡು ಸಲ ಕೊಟ್ಟಿದ್ದಾರೆ, ಎರಡೆರಡು ಸಲ ಬಯ್ದಿದ್ದಾರೆ. ಒಬ್ಬರನ್ನ ಬಿಟ್ಟು."

ಮ್ಯಾನೇಜರನ ಪೆನ್ನು ನಿಂತಿತು. "ಒಂದೇ ಸಲ ಕೊಟ್ಟೆ ಅಂದ್ರು…"

"ಹ್ಞಾಂ. ನಿನ್ನ ಎದುರಿಗೇ ಹೇಳಿದ್ರು. ಯಂತ್ರ ಕೆಟ್ಟದ್ದೇ ಅವರಿಗೆ ಗೊತ್ತಿಲ್ಲ. ಅವರ ಫೋನು ಅವರವರೆಗೆ ಹೋಗಲೇ ಇಲ್ಲ. ಆದ್ರೂ ಟಿಕೆಟ್ ಆಯ್ತು! ಅಂದ್ರೆ ದಾರಿಯ ಮಧ್ಯೆ ಯಾರೋ ಅದನ್ನ ತೆರೆದಿದ್ದಾರೆ. ಇವನಿಗೆ ಅದು ತೆರೆಯಲ್ಲ. ಇನ್ನು ಯಾರಿಗೆ ತೆರೆಯುತ್ತೆ?"

ಅತ್ತೆ ಒಬ್ಬೊಬ್ಬರ ಕೈಯನ್ನೂ ನೋಡುತ್ತ ಬಂದಳು.

"ಮೇಷ್ಟ್ರ ಬೆರಳನ್ನ ಅವರ ಫೋನೇ ಗುರುತಿಸಲ್ಲ. ಕರಿಕೋಟಿನ ಜೇಬಲ್ಲಿರೋದು ಒಡೆದ ಫೋನು, ನಿಜ. ಆದ್ರೆ ಫೋನು ಬೇಕಾದವನು ಹಿಂದಕ್ಕೂ ಮುಂದಕ್ಕೂ ಕಳಿಸಿ ಟಿಕೆಟ್ ತೆಗೆಸ್ತಾನಾ? ನನ್ನ ತಲೆ ಕೆಡಿಸಿದ್ದು ಅದೇ. ಟಿಕೆಟ್ ತೆಗೆಸಿದ ಗಳಿಗೇಲಿ ಆ ಕೈಗೆ ಕದಿಯೋ ಯೋಚನೆ ಇರಲಿಲ್ಲ. ತಪಾಸಣೆಯವರು ಹತ್ತಿದ್ರೆ ಇವರು ಟಿಕೆಟ್ ಇಲ್ಲದೆ ಸಿಕ್ಕಿಬೀಳ್ತಾರಲ್ಲ ಅನ್ನೋ ಯೋಚನೆ ಇತ್ತು. ಅದು ಕಳ್ಳರ ಯೋಚನೆ ಅಲ್ಲ. ಮನೆಯವರ ಯೋಚನೆ."

ಅತ್ತೆ ಖಾಲಿ ಸೀಟಿನ ಬೆನ್ನಿನ ಮೇಲೆ ಕೈಯಿಟ್ಟಳು.

"ನಾನು ಹತ್ತಿದಾಗ ಬಸ್ಸಲ್ಲಿ ಒಂದು ಸೀಟು ಖಾಲಿ ಇತ್ತು. ಒಬ್ಬರು ನಿಂತಿದ್ರು. ಮಂಡಿ ನೋವು, ಕಾಲು ಬದಲಿಸ್ತಾ ಬದಲಿಸ್ತಾ ನಿಂತಿದ್ರು. ಈ ಡ್ರೈವರ್ ದಿನಾ ಕನ್ನಡೀಲಿ ನೋಡ್ತಾನೆ, ಆದ್ರೂ ನೋಡಿಲ್ಲ. ಗುರುತಿಲ್ಲದವರ ಪಕ್ಕ ಯಾರು ಬೇಕಾದ್ರೂ ಕೂರ್ತಾರೆ. ಇಷ್ಟು ದೂರ ನಿಲ್ಲಬೇಕಾದ್ರೆ ಹಿಂದೊಮ್ಮೆ ತುಂಬಾ ಹತ್ತಿರ ಇದ್ದಿರಬೇಕು. ಇಡೀ ಬಸ್ಸಿನ ಕಾಯಿಲೆ ಗೊತ್ತಿರೋ ಈಕೆಗೆ ಇವರೊಬ್ಬರ ಮಂಡಿ ಮಾತ್ರ ಗೊತ್ತಿಲ್ಲ." ಅವಳ ದನಿ ತಗ್ಗಿತು. "ಫೋನು ಕೊಟ್ಟುಬಿಡು ತಾಯಿ. ಆ ಹುಡುಗನ ಕೆಲಸ ಹೋಗುತ್ತೆ."

ಔಷಧಿ ಅಂಗಡಿ ಅಕ್ಕ ಚೀಲದೊಳಗೆ ಕೈಹಾಕಿದಳು. ಮಾತ್ರೆ ಕೊಡುವ ಕಾಗದದ ಕವರಿನಿಂದ ಫೋನು ಹೊರಬಂತು. ಮೂಲೆಯಲ್ಲಿ ಬಿರುಕು.

"ಡ್ರೈವರ್ ತಲೆ ಮೇಲೆ ಬರುತ್ತೆ ಅಂತ ಗೊತ್ತಿರಲಿಲ್ಲ," ಎಂದಳು. "ಸಂಜೆ ಸೀಟಿನ ಕೆಳಗೆ ಬಿಟ್ಟುಹೋಗೋಣ ಅಂತಿದ್ದೆ. ನೀವು ಬಂದು ಪಕ್ಕದಲ್ಲೇ ಕೂತ್ರಿ."

"ಯಾಕಮ್ಮಾ ತಗೊಂಡೆ?" ಮ್ಯಾನೇಜರನಿಗೆ ತಾಳ್ಮೆ ಮುಗಿದಿತ್ತು.

"ತಗೊಳ್ಳಬೇಕು ಅಂತ ತಗೊಂಡಿದ್ದಲ್ಲ. ಗೊಂಚಲಲ್ಲಿ ಕತ್ತಲಾಗಿ ಬಂತು. ಕೈ ತಾನಾಗೇ ಹೋಯ್ತು. ಆಗೆಲ್ಲ ಇಬ್ಬರ ಟಿಕೆಟ್ಟೂ ನಾನೇ ತೆಗೀತಿದ್ದೆ, ಇದೇ ಬಸ್ಸಲ್ಲಿ. ಬೆರಳಿಟ್ಟೆ. ತೆರೆದುಬಿಡ್ತು." ಅವಳು ಯಾರನ್ನೂ ನೋಡಲಿಲ್ಲ. "ಡೈವೋರ್ಸ್ ಪತ್ರಕ್ಕೆ ಸಹಿ ಆಗಿ ಇಷ್ಟು ಕಾಲ ಆಯ್ತು. ಪಾತ್ರೆ ಪಾಲಾಯ್ತು, ಮನೆ ಪಾಲಾಯ್ತು. ಬೆರಳು ಮಾತ್ರ ಅಲ್ಲೇ ಇದೆ! ಟಿಕೆಟ್ ಆಗಿ ವಾಪಸ್ ಬಂದಾಗ ಇಟ್ಕೊಂಡೆ. ಫೋನಿಂದ ನನ್ನ ಬೆರಳಿನ ಗುರುತು ಅಳಿಸಿ ಕೊಟ್ಟುಬಿಡೋಣ ಅಂತ."

"ಅಳಿಸಿದ್ರಾ?" ಕೇಳಿದ್ದು ಕರಿಕೋಟು. ಅವನ ದನಿಯಲ್ಲಿ ಕೋರ್ಟು ಉಳಿದಿರಲಿಲ್ಲ.

"ಇಲ್ಲ. ಅಂಗಡೀಲಿ ಮರೆಗೆ ಹೋಗಿ ನೋಡಿದೆ. ಒಳಗೆ ಹೋಗೋಕೆ ಸಂಖ್ಯೆ ಕೇಳ್ತು. ಹಳೇದೇ ಒತ್ತಿದೆ, ಅದೂ ಹೋಯ್ತು. ಒಳಗೆ ಎರಡು ಬೆರಳಿದ್ವು. ಹೆಸರಿಲ್ಲ. 'ಬೆರಳು ಒಂದು', 'ಬೆರಳು ಎರಡು', ಅಷ್ಟೇ. ಯಾವುದು ನನ್ನದು? ಗಿರಾಕಿಗಳು ಮಾತ್ರೆ ಮಾತ್ರೆ ಅಂತ ಕೂಗ್ತಿದ್ದಾರೆ, ನಾನು ಅದನ್ನೇ ನೋಡ್ತಾ ನಿಂತಿದ್ದೀನಿ. ತಪ್ಪಿ ಅವರದನ್ನ ಅಳಿಸಿಬಿಟ್ಟರೆ? ಇಡೀ ದಿನ ತೆಗೆಯೋದು, ಇಡೋದು, ಆಫ್ ಮಾಡೋದು…"

ಮ್ಯಾನೇಜರ್ ಗಂಟಲು ಸರಿಪಡಿಸಿಕೊಂಡ. "ಏನೇ ಇರಲಿ, ಕಾನೂನಿನ ಪ್ರಕಾರ ಇದು ಕಳ್ಳ—"

"ಯಾರು ಹೇಳಿದ್ದು?" ಗಡಿಯಾರದವರು ಕಂಬ ಬಿಟ್ಟು ಮುಂದೆ ಬಂದರು, ಕುಂಟುತ್ತ. "ಅವರ ಬೆರಳಿಗೆ ತೆರೆಯೋ ಫೋನನ್ನ ಅವರು ಇಟ್ಕೊಂಡ್ರೆ ಕಳ್ಳತನ ಹೇಗಾಗುತ್ತೆ? ದೂರು ಹರಿದುಹಾಕಿ."

"ಅಲ್ಲಾ ಸಾರ್, ಬೆಳಿಗ್ಗೆ ನೀವೇ—"

"ಬೆಳಿಗ್ಗೆ ಫೋನು ಕಳೆದಿತ್ತು. ಈಗ ಸಿಕ್ಕಿದೆ. ಇವನ ಹಾಳೆಗೆ ಸಹಿ ಹಾಕಿ."

ಮ್ಯಾನೇಜರ್ ಪೆನ್ನು ನೋಡಿದ. ಅದು ತೆರೆದೇ ಇತ್ತು. ಹಾಳೆ ತರಲು ಇಳಿದ. ಇಳಿಯುತ್ತ, ಏನಾದರೊಂದು ಗದರಿಸಲೇಬೇಕಲ್ಲ ಎಂದು, "ಇಷ್ಟಕ್ಕೆಲ್ಲ ಆ ಹಾಳು ಮುಂಬಾಗಿಲೇ ಕಾರಣ! ನಾಳೆಯೇ ರಿಪೇರಿ ಮಾಡಿಸ್ತೀನಿ," ಎಂದ.

ಮೇಷ್ಟ್ರೂ ಕರಿಕೋಟೂ ತಂತಮ್ಮ ಚೀಲಗಳಲ್ಲಿ ಬಹಳ ಮುಖ್ಯವಾದ ಏನನ್ನೋ ಹುಡುಕತೊಡಗಿದರು. ಗಡಿಯಾರದವರು ಫೋನು ತೆಗೆದುಕೊಂಡು ತಿರುಗಿಸಿ ನೋಡಿದರು, ನಿಂತುಹೋದ ವಾಚನ್ನು ನೋಡುವ ಹಾಗೆ.

"ಒಂದನೇದು ನಿನ್ನದು," ಎಂದರು. "ಈ ಫೋನು ತಂದು ಮೊದಲು ಬೆರಳಿಟ್ಟವಳು ನೀನಲ್ವಾ?"

ಅಕ್ಕ ತಲೆಯೆತ್ತಿದಳು. "ಹಾಗಾದ್ರೆ ನೀವೇ ಅಳಿಸಿ."

"ಅಳಿಸೋಕೆ ಅಂತ ನಾನೂ ಒಳಗೆ ಹೋಗಿದ್ದೆ, ಎಷ್ಟೋ ಸಲ." ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. "ಕಣ್ಣಿಗೆ ಸರಿಯಾಗಿ ಕಾಣಿಸಲ್ಲ."

ಕೂದಲೆಳೆಯಂಥ ಸ್ಪ್ರಿಂಗನ್ನು ಬರಿಗಣ್ಣಲ್ಲಿ ಕೂರಿಸುವ ಮನುಷ್ಯ ಈ ಮಾತು ಹೇಳಿದಾಗ ಬಸ್ಸಿನಲ್ಲಿ ಯಾರೂ ನಗಲಿಲ್ಲ. ಅವರು ಮೊದಲು ಇಳಿದರು. ಸ್ವಲ್ಪ ಹೊತ್ತು ಬಿಟ್ಟು ಅಕ್ಕ ಇಳಿದಳು. ಇಬ್ಬರೂ ಬೇರೆ ಬೇರೆ ದಿಕ್ಕಿಗೇ ಹೋದರು.

ಡ್ರೈವರ್ ಬೀಗದಕೈಯನ್ನು ಪ್ಯಾಂಟಿಗೆ ಒರೆಸಿದ.

"ಅತ್ತೇ, ಅಂತೂ ಬಾಗಿಲಿಗೂ ಒಳ್ಳೇ ಕಾಲ ಬಂತು. ಇನ್ಮೇಲೆ ಎಲ್ಲರೂ ಮುಂದಿಂದ ಹತ್ತಿ ಅವರವರೇ ಟಿಂಗ್ ಅನ್ನಿಸ್ಕೋತಾರೆ. ಈ ಕೈಯಿಂದ ಕೈಗೆ ಕೊಡೋ ರಗಳೆಯೇ ಇರಲ್ಲ."

ಅತ್ತೆ ಹಿಂಬಾಗಿಲ ಮೆಟ್ಟಿಲಲ್ಲಿ ನಿಂತು, ಎರಡು ದಿಕ್ಕಿಗೆ ಹೋಗುತ್ತಿದ್ದ ಎರಡು ಬೆನ್ನುಗಳನ್ನು ನೋಡುತ್ತಿದ್ದಳು.

"ಮೊದಲು ಸಹಿ ಹಾಕಿಸ್ಕೋ," ಎಂದಳು. "ಆಮೇಲೆ ಮೆಕ್ಯಾನಿಕ್‌ಗೆ ನಾನು ಹೇಳಿದೆ ಅಂತ ಹೇಳು, ಆ ಬಾಗಿಲಿಗೆ ಅಷ್ಟು ಅವಸರ ಏನಿಲ್ಲ."